ಮುಚ್ಚಿದ ಬಾಗಿಲು, ಬಿರಡೆ ಬಿದ್ದ ಬಾಗಿಲು

ವಿಜ್ಞಾನವನ್ನು ಕನ್ನಡದಲ್ಲಿ ಬರೆಯುವವರು ಪಾರಿಭಾಷಿಕ ಪದ ಸಿಗಲಿಲ್ಲವೆಂದು ಕೊರಗುವುದುಂಟು. ಎಷ್ಟೋ ವೇಳೆ ತೊಡಕು ಅದಲ್ಲ. ಸುಲಭವಾಗಿ ಸಿಕ್ಕ ಪದವೇ ಅರ್ಥವನ್ನು ಕೆಡಿಸುತ್ತದೆ. ನರಕೋಶದ ಪೊಟ್ಯಾಸಿಯಂ ನಾಲೆ ಇದಕ್ಕೊಂದು ನಿದರ್ಶನ.

ನರಕೋಶದ ಪೊರೆಯಲ್ಲಿ ಪ್ರೋಟೀನಿನಿಂದಾದ ಸೂಕ್ಷ್ಮ ನಾಲೆಗಳಿವೆ. ವಿಶ್ರಾಂತ ಸ್ಥಿತಿಯಲ್ಲಿ ಕೋಶದ ಒಳಬದಿ ಹೊರಬದಿಗಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣಾತ್ಮಕ. ಆಗ ಈ ನಾಲೆಯ ಬಾಗಿಲು ಮುಚ್ಚಿರುತ್ತದೆ. ನರಸಂದೇಶ ಬಂದು ಆ ವೋಲ್ಟೇಜು ಏರಿದಾಗ ಬಾಗಿಲು ತೆರೆದು ಪೊಟ್ಯಾಸಿಯಂ ಅಯಾನುಗಳು ಹೊರಹರಿಯುತ್ತವೆ. ಆದರೆ ಕೆಲವು ನಾಲೆಗಳಲ್ಲಿ, ಏರಿದ ವೋಲ್ಟೇಜು ಹಾಗೆಯೇ ಇದ್ದರೂ, ಕೆಲವೇ ಮಿಲಿಸೆಕೆಂಡುಗಳಲ್ಲಿ ಹರಿವು ನಿಂತುಬಿಡುತ್ತದೆ. ಇಲ್ಲಿ ‘ನಾಲೆ ಮುಚ್ಚಿತು’ ಎಂದು ಬರೆದರೆ ವಾಕ್ಯ ಸರಾಗ, ಸಂಗತಿ ತಪ್ಪು.

ಈಥರಿನ ಮತ್ತಿನಲ್ಲಿ ಕಾಲು ನಡುಗಿಸುವ ಹಣ್ಣುನೊಣದಿಂದ ಹೆಸರು ಪಡೆದ ‘ಶೇಕರ್’ ನಾಲೆಯನ್ನು ಹೋಷಿ, ಝಗೋಟಾ, ಆಲ್ಡ್ರಿಚ್ ಎಂಬ ವಿಜ್ಞಾನಿಗಳು 1990ರಲ್ಲಿ ಪರೀಕ್ಷಿಸಿದರು. ಅದರ ಪ್ರೋಟೀನು ಸರಪಳಿಯ ಒಂದು ತುದಿ ಕೋಶದೊಳಗೆ ಚೆಂಡಿನಂತೆ ತೂಗಾಡುತ್ತದೆ. ಬಾಗಿಲು ತೆರೆದೊಡನೆ ಆ ಚೆಂಡು ರಂಧ್ರದೊಳಕ್ಕೆ ಸಿಕ್ಕಿಕೊಳ್ಳುತ್ತದೆ. ತುದಿಯನ್ನು ಕತ್ತರಿಸಿದಾಗ ಹರಿವು ಬೇಗನೆ ನಿಲ್ಲಲಿಲ್ಲ. ಅದೇ ತುಣುಕನ್ನು ಬಿಡಿಯಾಗಿ ಒಳಬದಿಯ ದ್ರವಕ್ಕೆ ಸೇರಿಸಿದಾಗ ಪುನಃ ನಿಂತಿತು. ಚೆಂಡು ಸಿಕ್ಕಿಕೊಂಡಿರುವಷ್ಟು ಹೊತ್ತು ಬಾಗಿಲು ಮುಚ್ಚಲಾರದು. ಶೀಶೆಗೆ ಬಿರಡೆ ಹಾಕುವುದನ್ನು ಬಲ್ಲ ಕನ್ನಡಿಗನಿಗೆ ಇದು ‘ಬಿರಡೆ ಬೀಳುವುದು’. ಇದಕ್ಕಿಂತ ಸ್ಪಷ್ಟವಾದ ಮಾತು ಬೇಡ.

ಹಾಗೆಂದು ಅದನ್ನೇ ಪಾರಿಭಾಷಿಕ ಪದವಾಗಿಸಲಾಗದು. ಇನ್ನೊಂದು, ನಿಧಾನವಾದ ಬಗೆಯಲ್ಲಿ ಬಿರಡೆಯೇ ಇಲ್ಲ. ರಂಧ್ರದ ಹೊರತುದಿಯ ಇಕ್ಕಟ್ಟಾದ ಭಾಗವೇ ಆಕಾರ ಬದಲಿಸಿ ಹರಿವನ್ನು ತಡೆಯುತ್ತದೆ. ಎರಡನ್ನೂ ಒಳಗೊಳ್ಳಲು ‘ನಿಷ್ಕ್ರಿಯಗೊಳ್ಳುವಿಕೆ’ ಎಂಬ ಉದ್ದನೆಯ ಪದವನ್ನು ಸಹಿಸಿಕೊಳ್ಳಲೇಬೇಕು.

ಕಾಸರಗೋಡಿನವರಿಗೆ ಇದು ಬರಿಯ ಪದವಿಚಾರವಲ್ಲ. ಎಣ್ಮಕಜೆ ಪಂಚಾಯತಿನ ಪಡ್ರೆ ಮೊದಲಾದೆಡೆ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ವಿಷದ ಗುರಿಯೂ ಒಂದು ನಾಲೆಯೇ. ಅದು ಪೊಟ್ಯಾಸಿಯಂ ನಾಲೆಯಲ್ಲ, ನರಗಳ ಉದ್ರೇಕವನ್ನು ತಣಿಸುವ ಕ್ಲೋರೈಡ್ ನಾಲೆ. ಅಲ್ಲಿಯೂ ವಿಷ ರಂಧ್ರದೊಳಗೆ ಕುಳಿತು ಹರಿವನ್ನು ತಡೆಯುತ್ತದೆ. ತಣಿಸುವ ಸಂಕೇತ ಬಂದರೂ ಫಲವಿಲ್ಲ, ಉದ್ರೇಕ ಮಿತಿಮೀರಿದರೆ ಅಪಸ್ಮಾರ. ಇದನ್ನು ಅಲ್ಲಿನ ಮನೆಯವರಿಗೆ ಕನ್ನಡದಲ್ಲಿ ತಿಳಿಸಹೊರಟವರು ‘ಬಾಗಿಲು ಮುಚ್ಚಿದೆ’ ಎಂದರೆ, ಸಂಕೇತ ಬಂದಾಗ ತೆರೆದೀತು ಎಂದೇ ಕೇಳಿದವರು ತಿಳಿಯುತ್ತಾರೆ.