ಆಟದ ಗನ್ನು, ಮಕ್ಕಳ ಕಣ್ಣು: ದೊಡ್ಡವರಾಗಿ ನಮ್ಮ ಕೆಲಸ ಏನು?

ಈ ಸಲದ ಪಾಠ ಯಾವ ಸೆಮಿಸ್ಟರಿನ ಸಿಲಬಸ್‌ನಲ್ಲೂ ಇಲ್ಲ. ಆದರೆ ಇದರಲ್ಲಿ ಬರುವ ಲೆಕ್ಕವೆಲ್ಲ ಪಿಯುಸಿ ಫಿಸಿಕ್ಸೇ.

ನಾವು ಮೂವರು ವಿಜಯನಗರದ ಒಂದು ಮನೆಯ ಮೂರನೇ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ಓನರ್ ಆಂಟಿಯ ಮಗ ನಾಲ್ಕನೇ ಕ್ಲಾಸು, ಮಗಳು ಯುಕೆಜಿ. ಹುಡುಗನ ಹುಟ್ಟುಹಬ್ಬಕ್ಕೆ ನಾವೇ ದುಡ್ಡು ಹಾಕಿ, ಪ್ಲಾಸ್ಟಿಕ್ ಗುಂಡು ಹಾರಿಸುವ ಏರ್‌ಸಾಫ್ಟ್ ಮಾದರಿಯ ಗನ್ ಒಂದನ್ನು ತರಿಸಿಕೊಟ್ಟೆವು. ಭಾನುವಾರ ಮಧ್ಯಾಹ್ನ ಟೆರೇಸ್ ಮೇಲೆ ಖಾಲಿ ನೀರಿನ ಬಾಟಲಿ ಇಟ್ಟು ಗುರಿ ಹೊಡೆಯೋದು ಕಲಿಸ್ತಾ ಇದ್ದೆವು. ಹತ್ತನೇ ಗುಂಡೋ ಹನ್ನೊಂದನೆಯದೋ, ಬಾಟಲಿ ತಪ್ಪಿ ಪ್ಯಾರಾಪೆಟ್ ಗೋಡೆಗೆ ಬಡಿದು ವಾಪಸ್ ಹಾರಿ ಬಂತು. ಪಕ್ಕದಲ್ಲಿ ನಿಂತು ನೋಡ್ತಿದ್ದ ತಂಗಿಯ ಕೆನ್ನೆಗೆ ತಗುಲಿತು. ಕಣ್ಣಿನಿಂದ ಎರಡು ಬೆರಳು ಕೆಳಗೆ. ಒಂದು ಕೆಂಪು ಚುಕ್ಕೆ, ಸ್ವಲ್ಪ ಅಳು, ಅಷ್ಟೇ.

ಆಂಟಿ ಮೇಲೆ ಓಡಿ ಬಂದರು. ಬೈಯಲಿಲ್ಲ. "ನೀವೆಲ್ಲ ದೊಡ್ಡೋರು ಜೊತೇಲಿದ್ದೀರಲ್ಲ ಅಂತ ನಾನು ನೆಮ್ಮದಿಯಾಗಿ ಅಡುಗೆ ಮಾಡ್ತಿದ್ದೆ ಕಣ್ರಪ್ಪಾ" ಅಂದರು. ಬೈದಿದ್ದರೇ ವಾಸಿಯಿತ್ತು.

ಅವತ್ತು ರಾತ್ರಿ ನಾವು ಕೂತು ಹಾಕಿದ ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಮೊದಲನೆಯ ಪಾಠ: ಜೂಲ್ ಅಷ್ಟೇ ನೋಡಿದರೆ ಸಾಲದು

ಏರ್‌ಸಾಫ್ಟ್ ಗುಂಡು 6 ಮಿ.ಮೀ. ವ್ಯಾಸದ ಪ್ಲಾಸ್ಟಿಕ್ ಚೆಂಡು. ಅಗ್ಗದ ಸ್ಪ್ರಿಂಗ್ ಗನ್ನಿನ ಗುಂಡು 0.12 ಗ್ರಾಂ ಅಂತ ಇಟ್ಟುಕೊಳ್ಳಿ, ವೇಗ ಸೆಕೆಂಡಿಗೆ 50 ಮೀಟರ್. ಚಲನಶಕ್ತಿ 0.15 ಜೂಲ್. ಹವ್ಯಾಸಿಗಳು ಬಳಸುವ ಗನ್ನಿನಲ್ಲಿ 0.20 ಗ್ರಾಂ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೋದರೆ 1 ಜೂಲ್. ನಮ್ಮ ಬೀದಿ ಕ್ರಿಕೆಟ್ಟಿನ ಟೆನಿಸ್ ಬಾಲ್ ಸುಮಾರು 58 ಗ್ರಾಂ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಬಂದರೆ 11.6 ಜೂಲ್. ಇಷ್ಟು ನೋಡಿದರೆ ಟೆನಿಸ್ ಬಾಲೇ ದೊಡ್ಡ ರಾಕ್ಷಸ ಅನ್ನಿಸುತ್ತೆ.

ಈಗ ಇದನ್ನು ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿ. 6 ಮಿ.ಮೀ. ಗುಂಡಿನ ವಿಸ್ತೀರ್ಣ ಸುಮಾರು 28 ಚದರ ಮಿ.ಮೀ. ಟೆನಿಸ್ ಬಾಲ್ ಚದರ ಮೀಟರಿಗೆ ಸುಮಾರು 3,400 ಜೂಲ್, ಅಗ್ಗದ ಗನ್ ಸುಮಾರು 5,300, ಹವ್ಯಾಸಿಗಳ ಗನ್ ಸುಮಾರು 35,000. ಶಕ್ತಿ ಹನ್ನೊಂದು ಪಟ್ಟು ಕಡಿಮೆ ಇರುವ ಗುಂಡು, ಬಿದ್ದ ಜಾಗದಲ್ಲಿ ಹತ್ತು ಪಟ್ಟು ಜೋರಾಗಿ ಕೂರುತ್ತೆ.

ಕಣ್ಣಿನ ಗಾಯಗಳ ಮೇಲೆ ಪ್ರಯೋಗ ಮಾಡಿದವರೂ ಇದೇ ಅಳತೆ ಬಳಸುತ್ತಾರೆ. ಚದರ ಮೀಟರಿಗೆ ಸುಮಾರು 1,500 ಜೂಲ್ ಆದರೆ ಕಾರ್ನಿಯಾ ತರಚಿಹೋಗುವ ಸಂಭವ ಅರ್ಧಕ್ಕರ್ಧ. 20 ಸಾವಿರದ ಆಸುಪಾಸಿಗೆ ಬಂದರೆ ಕಣ್ಣಿನ ಮುಂಭಾಗದೊಳಗೆ ರಕ್ತ ಸೋರುವುದು, ಮಸೂರ ಜಾಗ ಬಿಟ್ಟು ಸರಿಯುವುದು ಶುರು. ಆಟಿಕೆಗಳಿಗೆ ಯುರೋಪಿನ ಇಎನ್ 71 ಮಾನದಂಡ ಹಾಕಿರುವ ಮಿತಿ 2,500. ನಾವು ಕೊಟ್ಟ 'ಆಟಿಕೆ' ನಮ್ಮ ಲೆಕ್ಕದ ಪ್ರಕಾರ ಅದರ ಎರಡರಷ್ಟು. ಜಪಾನಿನ ಕಾನೂನಂತೂ ಏರ್‌ಸಾಫ್ಟ್ ಗನ್ನಿನ ಮಿತಿಯನ್ನು ಚದರ ಸೆಂಟಿಮೀಟರಿಗೆ 3.5 ಜೂಲ್ ಅಂತಲೇ ಬರೆದಿದೆ. ನಮ್ಮಲ್ಲಿ 2016ರ ಆಯುಧ ನಿಯಮಗಳಲ್ಲಿ 20 ಜೂಲ್ ಮೀರದ, 4.5 ಮಿ.ಮೀ. ಒಳಗಿನ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಆ ಗೆರೆ ಕಣ್ಣಿಗಾಗಿ ಎಳೆದದ್ದಲ್ಲ. "ಲೈಸೆನ್ಸೇ ಬೇಡ, ಏನಾಗುತ್ತೆ ಬಿಡಿ" ಅನ್ನೋ ಅಂಗಡಿಯವರ ಮಾತಿಗೆ ಅಷ್ಟೇ ಬೆಲೆ ಕೊಡಿ.

ಎರಡನೆಯ ಪಾಠ: ಮೂಳೆ ಕಾಯುವುದಿಲ್ಲ, ರೆಪ್ಪೆಯೂ ಕಾಯುವುದಿಲ್ಲ

ಕಣ್ಣುಗೂಡಿನ ಬಾಯಿ ದೊಡ್ಡವರಲ್ಲಿ ಸುಮಾರು 40 ಮಿ.ಮೀ. ಅಗಲ, 35 ಮಿ.ಮೀ. ಎತ್ತರ. ಸುತ್ತ ಹುಬ್ಬಿನ ಮೂಳೆ, ಕೆನ್ನೆ ಮೂಳೆ. 65 ಮಿ.ಮೀ. ದಾಟಿದ ಟೆನಿಸ್ ಬಾಲ್ ಬಂದರೆ ಏಟಿನ ದೊಡ್ಡ ಪಾಲನ್ನು ಈ ಮೂಳೆ ತಗೊಳ್ಳುತ್ತೆ. 6 ಮಿ.ಮೀ. ಗುಂಡಿಗೆ ಅದು ತೆರೆದ ಬಾಗಿಲು.

ರೆಪ್ಪೆ ಮುಚ್ಚುತ್ತಲ್ಲ ಅಂತೀರಾ? ರೆಪ್ಪೆ ಪೂರ್ತಿ ಮುಚ್ಚೋಕೆ ಸುಮಾರು 0.1 ಸೆಕೆಂಡ್ ಬೇಕು. ಅಷ್ಟರಲ್ಲಿ ಆ ಅಗ್ಗದ ಗನ್ನಿನ ಗುಂಡೇ ಹತ್ತಿರ ಹತ್ತಿರ 5 ಮೀಟರ್ ಹೋಗಿರುತ್ತೆ. ನಮ್ಮ ಟೆರೇಸಿನಲ್ಲಿ ಹುಡುಗನಿಗೂ ಗೋಡೆಗೂ ಇದ್ದದ್ದು ಮೂರೇ ಮೀಟರ್.

ಮೂರನೆಯ ಪಾಠ: ಕನ್ನಡಕ ಬೇರೆ, ಗಾಗಲ್ಸ್ ಬೇರೆ

ವರ್ಕ್‌ಶಾಪಿನಲ್ಲಿ ಲೇತ್ ಮುಂದೆ ನಿಂತಾಗ ಗಾಗಲ್ಸನ್ನು ಹಣೆ ಮೇಲೆ ಏರಿಸಿಕೊಂಡು ಸೆಲ್ಫಿ ತೆಗೆದವರು ನಾವೇ. ಈಗ ಬುದ್ಧಿ ಬಂದಿದೆ. ಪವರ್ ಕನ್ನಡಕವಾಗಲಿ ಫುಟ್‌ಪಾತಿನ ಕೂಲಿಂಗ್ ಗ್ಲಾಸಾಗಲಿ ಈ ಕೆಲಸಕ್ಕೆ ಆಗೋದಿಲ್ಲ. ಒಡೆದರೆ ಅದರ ಚೂರೇ ಕಣ್ಣಿಗೆ ಶತ್ರು. ಬೇಕಾದ್ದು ಪಾಲಿಕಾರ್ಬೊನೇಟ್‌ನ, ಮುಖಕ್ಕೆ ಅಂಟಿ ಕೂರುವ, ಹಿಂದೆ ಪಟ್ಟಿ ಇರುವ ಗಾಗಲ್ಸ್.

ಕೊಳ್ಳುವಾಗ ಗುರುತು ನೋಡಿ. ಯುರೋಪಿನ ಇಎನ್ 166 ಮಾನದಂಡದಲ್ಲಿ 6 ಮಿ.ಮೀ. ಉಕ್ಕಿನ ಗುಂಡು ಹೊಡೆದು ಪರೀಕ್ಷೆ ಮಾಡುತ್ತಾರೆ, ತೂಕ 0.86 ಗ್ರಾಂ. 'ಎಫ್' ಗುರುತಿಗೆ ವೇಗ ಸೆಕೆಂಡಿಗೆ 45 ಮೀಟರ್, 'ಬಿ' ಗುರುತಿಗೆ 120 ಮೀಟರ್. ಲೆಕ್ಕ ಹಾಕಿ: 'ಎಫ್' ಸುಮಾರು 0.87 ಜೂಲ್, 'ಬಿ' ಸುಮಾರು 6.2 ಜೂಲ್. 1 ಜೂಲ್ ಗನ್ನಿಗೆ 'ಎಫ್' ಸಾಲದು, 'ಬಿ' ತಗೊಳ್ಳಿ. ಅಮೆರಿಕದ ಮಾನದಂಡವಾದರೆ 'ಝಡ್ 87' ಪಕ್ಕದಲ್ಲಿ ಪ್ಲಸ್ ಗುರುತು ಇರಬೇಕು.

ದೊಡ್ಡವರ ಅಳತೆಯದು ಮಕ್ಕಳ ಮುಖಕ್ಕೆ ಸಡಿಲ. ಹಾಕಿಸಿ, ಮೂಗಿನ ಪಕ್ಕ, ಕೆನ್ನೆ ಕೆಳಗೆ ಸಂದಿ ಇದೆಯಾ ನೋಡಿ. ಅದೇ ಗುಂಡನ್ನು ಬೆರಳಲ್ಲಿ ಹಿಡಿದು ಸಂದಿಗೆ ಇಟ್ಟು ನೋಡಿ. ಅದು ಒಳಗೆ ತೂರಿದರೆ ಆ ಗಾಗಲ್ಸ್ ಬೇಡ.

ನಾಲ್ಕನೆಯ ಪಾಠ: 'ಜೊತೆಯಲ್ಲಿ ಇದ್ದೆವು' ಅಂದರೆ ಏನು?

ನಾವು ಅವತ್ತು ಜೊತೆಯಲ್ಲೇ ಇದ್ದೆವು. ಮೂರು ಜನ, ಮೂವರೂ ಇಂಜಿನಿಯರಿಂಗ್. ಆದರೂ ಆಯ್ತು. ಯಾಕಂದ್ರೆ ನಾವು ಬಾಟಲಿ ನೋಡ್ತಿದ್ದೆವು, ಮಕ್ಕಳನ್ನಲ್ಲ. ಮೇಲ್ವಿಚಾರಣೆ ಅಂದರೆ ಒಬ್ಬರಿಗೆ ಅದೊಂದೇ ಕೆಲಸ ಇರಬೇಕು; ಫೋನ್ ಜೇಬಿನಲ್ಲಿ, ಗುರಿ ಹೊಡೆಯೋ ಆಸೆ ಮನಸ್ಸಿನಿಂದ ಆಚೆ. ಆ ಒಬ್ಬರು ಪಾಲಿಸಬೇಕಾದ್ದು ಇಷ್ಟು:

1. ಡಬ್ಬದ ಮೇಲಿನ ವಯಸ್ಸು ಓದಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಅದಿಲ್ಲದ ಗನ್ನನ್ನು ಆಟಿಕೆ ಅಂತ ತರಲೇಬೇಡಿ.

2. ಗಾಗಲ್ಸ್ ಎಲ್ಲರಿಗೂ: ಹೊಡೆಯುವವರಿಗೆ, ನೋಡುವವರಿಗೆ, ನಿಮಗೆ. ಒಬ್ಬರಿಗೆ ಕಡಿಮೆ ಬಿದ್ದರೆ ಆಟ ಇಲ್ಲ. ಆಟದ ಮಧ್ಯೆ ಯಾರಾದರೂ ಬೆವರು ಅಂತ ತೆಗೆದರೆ ಗನ್ ಕೆಳಗೆ.

3. ಗಟ್ಟಿ ಗೋಡೆ ಮುಂದೆ ಗುರಿ ಇಡಬೇಡಿ. ರಟ್ಟಿನ ದೊಡ್ಡ ಡಬ್ಬದೊಳಗೆ ಹಳೇ ಬೆಡ್‌ಶೀಟ್ ಇಳಿಬಿಟ್ಟರೆ ಗುಂಡು ಅಲ್ಲೇ ಬೀಳುತ್ತೆ.

4. ಟೆರೇಸ್ ಬೇಡ. ರಾಜಾಜಿನಗರ, ಬಸವೇಶ್ವರನಗರದ 30×40 ಸೈಟುಗಳಲ್ಲಿ ಪಕ್ಕದ ಮನೆ ಟೆರೇಸ್ ಕೈಗೆ ಸಿಗೋ ಹಾಗಿದೆ. ಅಲ್ಲಿ ಯಾರೋ ಬಟ್ಟೆ ಒಣಗಿಸ್ತಿರ್ತಾರೆ, ಕೆಳಗೆ ರಸ್ತೆಯಲ್ಲಿ ಯಾರೋ ಬೈಕಿನಲ್ಲಿ ಹೋಗ್ತಿರ್ತಾರೆ.

5. ಮ್ಯಾಗಜೀನ್ ತೆಗೆದ ಮಾತ್ರಕ್ಕೆ ಗನ್ ಖಾಲಿ ಅಲ್ಲ, ಒಳಗೆ ಒಂದು ಗುಂಡು ಉಳಿದಿರಬಹುದು. ಡಬ್ಬಕ್ಕೆ ಗುರಿಯಿಟ್ಟು ಒಮ್ಮೆ ಒತ್ತಿ ಖಾಲಿ ಮಾಡಿ. ನಳಿಕೆಯೊಳಗೆ ಇಣುಕುವುದು ಯಾವತ್ತೂ ಇಲ್ಲ.

6. ಆಟ ಮುಗಿದ ಮೇಲೆ ಗನ್ ಬೀಗದ ಕಪಾಟಿಗೆ, ಗುಂಡು ಬೇರೆ ಕಡೆಗೆ, ಬೀಗದ ಕೈ ದೊಡ್ಡವರ ಹತ್ತಿರ.

ಕೊನೆಯ ಪಾಠ: ಏಟು ಬಿದ್ದರೆ

ಉಜ್ಜಬಾರದು, ಒತ್ತಬಾರದು. ಎದೆಹಾಲು, ಹರಳೆಣ್ಣೆ, ಮನೆಯಲ್ಲಿರೋ ಹಳೇ ಡ್ರಾಪ್ಸ್ ಯಾವುದೂ ಬೇಡ. ಏನಾದರೂ ಚುಚ್ಚಿಕೊಂಡಿದ್ದರೆ ಕೀಳಬಾರದು. ಕಾಗದದ ಕಪ್ಪನ್ನು ಕಣ್ಣಿಗೆ ತಾಗದಂತೆ, ಸುತ್ತಲಿನ ಮೂಳೆಯ ಮೇಲೆ ಕೂರುವಂತೆ ಇಟ್ಟು ಟೇಪ್ ಹಾಕಿ, ತಲೆ ಎತ್ತರದಲ್ಲಿರುವ ಹಾಗೆ ಕೂರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಮ್ಮ ಕಡೆಯವರಿಗೆ ರಾಜಾಜಿನಗರದ ಕಾರ್ಡ್ ರಸ್ತೆಯಲ್ಲಿ ನಾರಾಯಣ ನೇತ್ರಾಲಯ ಇದೆ. ಕೆಂಗೇರಿಯಿಂದ ಮೈಸೂರು ರಸ್ತೆ ಹಿಡಿದರೆ ಕೆ.ಆರ್. ಮಾರ್ಕೆಟ್ ಹತ್ತಿರ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ. ಪ್ರತಿ ದೀಪಾವಳಿಗೂ ಪಟಾಕಿ ಗಾಯದ ಮಕ್ಕಳು ಬರುವುದು ಇಲ್ಲಿಗೇ; ಪಟಾಕಿ ಹಚ್ಚದೆ ಬರೀ ನೋಡುತ್ತಾ ನಿಂತವರೂ ಅವರಲ್ಲಿರುತ್ತಾರೆ.

ತೊಳೆಯುವ ವಿಷಯದಲ್ಲಿ ಒಂದು ವ್ಯತ್ಯಾಸ ನೆನಪಿಡಿ. ಗುಂಡಿನ ಏಟಿಗೆ ನೀರು ಎರಚಬೇಡಿ. ರಾಸಾಯನಿಕ ಬಿದ್ದರೆ ಮಾತ್ರ ಮೊದಲು ನೀರೇ ಔಷಧಿ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಪೈಪಿನಿಂದ ಮಾಡಿದ ಕಾರ್ಬೈಡ್ ಗನ್ ಸಿಡಿದು ಎಷ್ಟೋ ಮಕ್ಕಳ ಕಣ್ಣಿಗೆ ಏಟಾಯಿತು, ಕೆಲವರ ದೃಷ್ಟಿಯೇ ಹೋಯಿತು. ಕಾರ್ಬೈಡಿಗೆ ನೀರು ಸೇರಿದಾಗ ಅಸಿಟಿಲೀನ್ ಜೊತೆಗೆ ಸುಣ್ಣವೂ ಹುಟ್ಟುತ್ತೆ, ಅದು ಕಣ್ಣನ್ನು ಸುಡುತ್ತೆ. ಅಂಥ ಕಡೆ ಕನಿಷ್ಠ 15-20 ನಿಮಿಷ ಶುದ್ಧ ನೀರು ಹರಿಸಿ, ಆಮೇಲೆ ಆಟೋ ಹತ್ತಿ.

ಕಣ್ಣು ನೋಡೋಕೆ ಚೆನ್ನಾಗೇ ಇದೆ ಅಂತ ಸುಮ್ಮನಾಗಬೇಡಿ. ಒಳಗೆ ಸೋರಿದ ರಕ್ತ ಮೊದಲ ಕೆಲವು ದಿನಗಳಲ್ಲಿ ಮತ್ತೆ ಸೋರಬಹುದು. ಇಂಥ ಏಟಿನಿಂದ ಪೊರೆ ಬರಬಹುದು, ವರ್ಷಗಳ ನಂತರ ಗ್ಲಾಕೋಮಾ ಬರಬಹುದು. ಮಕ್ಕಳು ಬೈತಾರೆ ಅಂತ ಹೆದರಿ ಹೇಳೋದೇ ಇಲ್ಲ. ಅದಕ್ಕೆ ಆಟಕ್ಕೆ ಮೊದಲೇ ಹೇಳಿಬಿಡಿ: "ಏಟು ಬಿದ್ದರೆ ಬಂದು ಹೇಳು, ಯಾರೂ ಬೈಯಲ್ಲ."

ನಮ್ಮ ಮನೆ ಕಥೆ ಮುಗಿಸಿಬಿಡುತ್ತೇವೆ. ಗನ್ ಈಗ ಆಂಟಿಯ ಬೀರುವಿನಲ್ಲಿದೆ. ಹುಡುಗನಿಗೆ ಅದರ ಬದಲು ಕೇರಂ ಬೋರ್ಡ್ ಕೊಡಿಸಿದ್ದೇವೆ. ಅವನಿಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ. "ಅಣ್ಣಾ, ಗಾಗಲ್ಸ್ ಯಾವಾಗ ತರ್ತೀರಾ?" ಅಂತ ಕೇಳ್ತಾನೇ ಇರ್ತಾನೆ. ಡಬ್ಬದ ಮೇಲಿರೋ ವಯಸ್ಸು ಆಗಲಿ ಅಂದಿದ್ದೇವೆ. ಆಗಲೂ ನಾಲ್ಕು ಜೊತೆ ತರಬೇಕು, ತಂಗಿಗೂ ಸೇರಿಸಿ.

ಹಬ್ಬಕ್ಕೆ ಊರಿಗೆ ಹೋಗುವಾಗ ಅಕ್ಕನ ಮಗನಿಗೆ, ಚಿಕ್ಕಪ್ಪನ ಮಕ್ಕಳಿಗೆ ಇಂಥದ್ದೇ ಗನ್ ತಗೊಂಡು ಹೋಗುವವರು ನಾವು, ನೀವೇ. ಬಿಲ್ ಕಟ್ಟೋ ಮೊದಲು ಆ 28 ಚದರ ಮಿಲಿಮೀಟರ್ ಲೆಕ್ಕ ಒಂದ್ಸಲ ನೆನಪು ಮಾಡಿಕೊಳ್ಳಿ.