ಹ್ವಾರೆಸ್: ಗಡಿನದಿಯ ದಡದ ನಗರ

ಮೆಕ್ಸಿಕೋದ ಚಿವಾವಾ ರಾಜ್ಯದ ಸಿಯುದಾದ್ ಹ್ವಾರೆಸ್ ಇರುವುದು ಅಮೆರಿಕದ ಎಲ್ ಪಾಸೊ ನಗರದ ಎದುರು ದಡದಲ್ಲಿ. ನಡುವಿನ ನದಿ ಅಮೆರಿಕನ್ನರಿಗೆ ರಿಯೊ ಗ್ರಾಂಡೆ, ಮೆಕ್ಸಿಕನ್ನರಿಗೆ ರಿಯೊ ಬ್ರಾವೊ. ಎರಡೂ ಹೆಸರು ನೆನಪಿರಲಿ. 1659ರಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು ಸ್ಥಾಪಿಸಿದ ಗ್ವಾದಲೂಪೆ ಮಿಷನ್ ಇಂದಿಗೂ ಊರಿನ ಹೆಗ್ಗುರುತು. ಫ್ರೆಂಚ್ ಆಕ್ರಮಣದ ಕಾಲದಲ್ಲಿ ಇಲ್ಲಿಂದಲೇ ಸರ್ಕಾರ ನಡೆಸಿದ್ದ ಅಧ್ಯಕ್ಷ ಬೆನಿಟೊ ಹ್ವಾರೆಸ್ ಅವರ ಹೆಸರನ್ನು 1888ರಲ್ಲಿ ಊರಿಗೆ ಇಡಲಾಯಿತು. ನದಿ ಪಾತ್ರ ಬದಲಿಸಿದ್ದರಿಂದ ಹುಟ್ಟಿದ ಚಾಮಿಸಾಲ್ ಗಡಿವಿವಾದ 1963ರ ಒಪ್ಪಂದದಿಂದ ಬಗೆಹರಿಯಿತು.

1965ರ ನಂತರ ರಫ್ತಿಗೆಂದೇ ಸರಕು ಜೋಡಿಸುವ 'ಮಕಿಲದೋರ' ಕಾರ್ಖಾನೆಗಳು ಬಂದವು. ಕೆಲಸ ಅರಸಿ ದೂರದೂರುಗಳಿಂದ ಯುವತಿಯರೂ ಬಂದರು. 1993ರಿಂದ ಅಂಥ ಎಷ್ಟೋ ಹೆಣ್ಣುಮಕ್ಕಳ ಸರಣಿ ಹತ್ಯೆ ಬೆಳಕಿಗೆ ಬಂತು. ಹಲವರು ಕೆಲಸಕ್ಕೆಂದು ಹೋದವರು ಮನೆಗೆ ಮರಳಲಿಲ್ಲ. 2001ರಲ್ಲಿ ಒಂದು ಹತ್ತಿ ಹೊಲದಲ್ಲಿ 8 ಶವಗಳು ಸಿಕ್ಕವು. ತಾಯಂದಿರು ಸುಮ್ಮನಿರಲಿಲ್ಲ. ಕಂಬಗಳ ಮೇಲೆ ಗುಲಾಬಿ, ಕಪ್ಪು ಬಣ್ಣದಲ್ಲಿ ಶಿಲುಬೆ ಬಿಡಿಸಿದರು. 2009ರಲ್ಲಿ ಅಂತರ್-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯ ಹತ್ತಿ ಹೊಲದ ಪ್ರಕರಣದಲ್ಲಿ ಮೆಕ್ಸಿಕೋ ಸರ್ಕಾರವನ್ನೇ ಹೊಣೆ ಮಾಡಿತು. ಈ ತೀರ್ಪನ್ನು ಇಸವಿ ಸಮೇತ ಓದಿಕೊಳ್ಳಿ. ನನ್ನ ಪ್ರಕಾರ ಈ ಟಿಪ್ಪಣಿಯ ಜೀವಾಳ ಇದೇ.

ನಗರದ ಹಿಂಸೆ ಅಲ್ಲಿಗೇ ನಿಲ್ಲಲಿಲ್ಲ: ಹ್ವಾರೆಸ್ ಮತ್ತು ಸಿನಲೋವ ಮಾದಕವಸ್ತು ಜಾಲಗಳ ಕಾದಾಟದಲ್ಲಿ 2010ರ ಒಂದೇ ವರ್ಷ 3,000ಕ್ಕೂ ಹೆಚ್ಚು ಕೊಲೆಗಳಾದವು.