ಯಾಕೆ ಕರೆಸಿದಿರಿ? ಕೊರ್ನೇಲ್ಯನ ಮನೆ ಮತ್ತು ನಮ್ಮ ಡಿಸೆಂಬರ್

ಬೈಬಲ್ ತೆಗೆಯಿರಿ. ಮೊಬೈಲ್‌ನಲ್ಲಿ ಓದುವವರು ನೋಟಿಫಿಕೇಶನ್ ಆಫ್ ಮಾಡಿಕೊಳ್ಳಿ. ಅಪೊಸ್ತಲರ ಕೃತ್ಯಗಳು 10ನೇ ಅಧ್ಯಾಯ. ಇವತ್ತು ಇದೊಂದೇ ಅಧ್ಯಾಯ, ಬೇರೆ ಕಡೆ ಓಡುವುದು ಬೇಡ.

ಪೆಂತೆಕೊಸ್ತ್ ಸಭೆಯಲ್ಲಿ ಬೆಳೆದ ನಮಗೆ ಈ ಅಧ್ಯಾಯದ 44ರಿಂದ 46ನೇ ವಚನ ಬಾಯಿಪಾಠ. ಪೇತ್ರ ಮಾತಾಡುತ್ತಾ ಇರುವಾಗಲೇ ಪವಿತ್ರಾತ್ಮನು ಇಳಿದದ್ದು, ಅವರು ಅನ್ಯಭಾಷೆಯಲ್ಲಿ ಮಾತಾಡಿದ್ದು, ಜೊತೆಗೆ ಬಂದ ಸಹೋದರರು ಬೆರಗಾದದ್ದು. ಎಷ್ಟು ಸಲ ಕೇಳಿದ್ದೇವೆ! ಆದರೆ ಅದು ನಡೆದ ಮನೆ ಯಾರದ್ದು? ಒಬ್ಬ ಸೈನಿಕನದ್ದು. ಕೈಸರೈಯದಲ್ಲಿ ಇತಾಲ್ಯ ಪಟಾಲಮಿನ ಶತಾಧಿಪತಿ. ಅಂದರೆ ನೂರು ಮಂದಿ ಸಿಪಾಯಿಗಳ ಮೇಲಿನವನು. ನಮ್ಮ ಲೆಕ್ಕದಲ್ಲಿ ಸುಬೇದಾರ್ ಅಂತ ಇಟ್ಟುಕೊಳ್ಳಿ, ಪೂರ್ತಿ ಸರಿ ಹೊಂದುವುದಿಲ್ಲ, ಆದರೆ ಹತ್ತಿರ ಬರುತ್ತದೆ.

ಈ ಸೈನಿಕನ ಬಗ್ಗೆ ಯಾಕೆ ಮಾತಾಡ್ತಿದ್ದೇನೆ ಅಂದರೆ, ಡಿಸೆಂಬರ್ ಬಂತು. ನಿಮ್ಮಲ್ಲಿ ಅರ್ಧ ಮಂದಿ 23ಕ್ಕೋ 24ಕ್ಕೋ ರಾತ್ರಿ ಬಸ್ ಹತ್ತಿ ಬೆಳ್ತಂಗಡಿ, ಉಜಿರೆ, ಕಕ್ಕಿಂಜೆ, ನೆರಿಯದ ಕಡೆ ಹೋಗುವವರು. ಊರಿಗೆ ಹೋದ ಮೇಲೆ ಯೂತ್ ತಂಡ ಕಟ್ಟಿ ಕ್ಯಾರಲ್‌ಗೆ ಹೋಗ್ತೀರಿ, ಒಂದು ದಿನ ಸೇವೆ ಅಂತಲೂ ಇಟ್ಟುಕೊಳ್ತೀರಿ. ಈ ಸಲ ಆ ಒಂದು ದಿನವನ್ನು ಊರಿನ ಮಾಜಿ ಸೈನಿಕರ ಮನೆಗಳಿಗೆ, ಅವರ ಸಂಘಕ್ಕೆ ಕೊಡೋಣ ಎಂಬ ಯೋಚನೆ ಉಂಟು. ಅದಕ್ಕೆ ಮುಂಚೆ ಒಂದು ತಪ್ಪು ಒಪ್ಪಿಕೊಳ್ಳಬೇಕು. ತಪ್ಪು ನನ್ನದು, ತಂಡದ ಜವಾಬ್ದಾರಿ ನನ್ನ ಮೇಲಿತ್ತು.

ಎರಡು ವರ್ಷದ ಹಿಂದೆ ಇದೇ ರೀತಿ ಹೋಗಿದ್ದೆವು. ಕಾಡಂಚಿನ ಒಂದು ಮನೆ, ಅಡಿಕೆ ತೋಟದ ನಡುವೆ. ಸೈನ್ಯದಿಂದ ಹವಾಲ್ದಾರ್ ಆಗಿ ನಿವೃತ್ತರಾದ ಅಜ್ಜ, ಅವರ ಹೆಂಡತಿ, ಇಬ್ಬರೇ. ಮಕ್ಕಳು ದೂರದಲ್ಲಿದ್ದಾರೆ. ಕೀಬೋರ್ಡ್ ಇತ್ತು, ಗಿಟಾರ್ ಇತ್ತು, ಎರಡು ಕೆ.ಜಿ. ಕೇಕ್ ಇತ್ತು. ಮೂರು ಹಾಡು ಹಾಡಿದೆವು, ಶಾಲು ಹೊದಿಸಿದೆವು, ಫೋಟೋ ತೆಗೆದೆವು. ಹೊರಡುವಾಗ ಅಜ್ಜ ತನ್ನ ಫೋನ್ ಹಿಡಿದುಕೊಂಡು ಒಬ್ಬ ಹುಡುಗನ ಹತ್ತಿರ, "ಮಗಾ, ಈ ಮೆಸೇಜು ಏನು ಹೇಳ್ತದೆ ಒಮ್ಮೆ ನೋಡ್ತೀಯಾ?" ಅಂದರು. ಹುಡುಗ ನನ್ನ ಮುಖ ನೋಡಿದ. ನಾನು ವಾಚ್ ನೋಡಿದೆ. ಇನ್ನೂ ನಾಲ್ಕು ಮನೆ ಬಾಕಿ ಇತ್ತು. "ಇನ್ನೊಮ್ಮೆ ಬರ್ತೇವೆ ಅಜ್ಜ" ಅಂದೆ.

ಆ ಮೆಸೇಜು ಜೀವನ ಪ್ರಮಾಣಪತ್ರದ್ದು. ವರ್ಷಕ್ಕೊಮ್ಮೆ, ಹೆಚ್ಚಿನವರು ನವೆಂಬರ್‌ನಲ್ಲಿ, "ನಾನು ಬದುಕಿದ್ದೇನೆ" ಎಂದು ತೋರಿಸಿ ಕೊಡಬೇಕಾದದ್ದು. ಅವರದ್ದು ಆಗಿರಲಿಲ್ಲ. ಪಿಂಚಣಿ ನಿಂತಿತು. ಫೆಬ್ರವರಿಯಲ್ಲಿ ಊರಿಗೆ ಹೋದಾಗ ತಿಳಿಯಿತು, ಅಜ್ಜ ಅದಕ್ಕಾಗಿ ಎರಡು ಸಲ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಬಂದಿದ್ದರು. ನಮ್ಮ ತಂಡದಲ್ಲಿ ಅವತ್ತು ಐದು ಮಂದಿ ಸಾಫ್ಟ್‌ವೇರ್ ಇಂಜಿನಿಯರುಗಳಿದ್ದರು. ಹತ್ತು ನಿಮಿಷದ ಕೆಲಸ, ಮಾರಾಯ್ರೆ. ಅಜ್ಜನ ಫೋಟೋಗೆ ಇನ್ಸ್ಟಾಗ್ರಾಮ್‌ನಲ್ಲಿ ತುಂಬಾ ಲೈಕ್ ಬಂದಿತ್ತು. ಅದನ್ನು ನೆನೆಸಿದರೆ ಈಗಲೂ ನನಗೆ ತಲೆ ಎತ್ತಲಿಕ್ಕೆ ಆಗುವುದಿಲ್ಲ.

ಈಗ ವಾಕ್ಯಕ್ಕೆ ಬನ್ನಿ. ಈ ಅಧ್ಯಾಯವನ್ನು ನಾನು ಆ ಫೆಬ್ರವರಿಯ ನಂತರ ಬೇರೆ ಕಣ್ಣಿನಿಂದ ಓದಿದೆ.

ಮೊದಲು, ಕೊರ್ನೇಲ್ಯ ಯಾರು ಎಂದು 2ನೇ ವಚನ ನೋಡಿ. ಅವನು ಆಗಲೇ ಪ್ರಾರ್ಥಿಸುವವನು, ಆಗಲೇ ಬಡವರಿಗೆ ಕೊಡುವವನು. ಅವನ ಪ್ರಾರ್ಥನೆ ಮತ್ತು ದಾನಧರ್ಮ ದೇವರ ಸನ್ನಿಧಿಗೆ ಏರಿ ಹೋಗಿದೆ ಎಂದು ದೇವದೂತ ಹೇಳುತ್ತಾನೆ. ಪೇತ್ರ ಇನ್ನೂ ಯೊಪ್ಪದಲ್ಲಿ ಊಟಕ್ಕೆ ಕಾಯುತ್ತಾ ಮಾಳಿಗೆಯ ಮೇಲೆ ಇದ್ದಾನೆ, ದೇವರು ಆಗಲೇ ಸೈನಿಕನ ಮನೆಯಲ್ಲಿ ಕೆಲಸ ಶುರು ಮಾಡಿದ್ದಾನೆ. ನಾವು ಯಾರ ಮನೆಗಾದರೂ ಹೋಗುವಾಗ ಖಾಲಿ ಪಾತ್ರೆ ತುಂಬಿಸಲಿಕ್ಕೆ ಹೋಗ್ತಿದ್ದೇವೆ ಅಂದುಕೊಳ್ತೇವೆ. ಹಾಗಲ್ಲ. ಮೂವತ್ತು ವರ್ಷ ಹಿಮದಲ್ಲಿ, ಮರಳಿನಲ್ಲಿ ಕಾವಲು ನಿಂತು ಬಂದವನ ಹತ್ತಿರ 24 ವರ್ಷದ ನೀನು ಕಲಿಯಲಿಕ್ಕೆ ಇರುವುದು ಜಾಸ್ತಿ.

ಎರಡನೆಯದು, 7ನೇ ವಚನ. ಕೊರ್ನೇಲ್ಯ ಕಳುಹಿಸಿದ ಮೂವರಲ್ಲಿ ಒಬ್ಬನು ಸಿಪಾಯಿ. ಇವರು ಯೊಪ್ಪಕ್ಕೆ ಬಂದು ಬಾಗಿಲಲ್ಲಿ ನಿಂತಾಗ ಪೇತ್ರ ಏನು ಮಾಡಿದ? 23ನೇ ವಚನ. ಒಳಗೆ ಕರೆದು ಉಳಿಸಿಕೊಂಡ. ಅವನೇ ಇನ್ನೊಬ್ಬರ ಮನೆಯಲ್ಲಿ, ಚರ್ಮ ಹದಮಾಡುವ ಸೀಮೋನನ ಮನೆಯಲ್ಲಿ ಅತಿಥಿ! ರೋಮ್ ಸೈನ್ಯದ ಸಿಪಾಯಿಯನ್ನು ಆ ರಾತ್ರಿ ಒಂದು ಯೆಹೂದ್ಯ ಮನೆಯಲ್ಲಿ ಮಲಗಿಸಿದ. ಮರುದಿನ ಆರು ಮಂದಿ ಸಹೋದರರನ್ನು ಕರಕೊಂಡು ಹೊರಟ. ಯೊಪ್ಪದಿಂದ ಕೈಸರೈಯಕ್ಕೆ ಸುಮಾರು 50 ಕಿಲೋಮೀಟರ್, ಅದರ ಮಾರನೆಯ ದಿನ ಮುಟ್ಟಿದರು. ದಾರಿಯುದ್ದಕ್ಕೂ ಆ ಸಿಪಾಯಿ ಜೊತೆಗಿದ್ದ. ಏನೇನು ಮಾತಾಡಿರಬಹುದು!

ಮೂರನೆಯದರ ಮೇಲೆ ಸ್ವಲ್ಪ ನಿಲ್ಲಬೇಕು. ಮನೆ ತುಂಬಾ ಜನ ಸೇರಿದ್ದಾರೆ. ಕೊರ್ನೇಲ್ಯ ಕಾಲಿಗೆ ಬೀಳುತ್ತಾನೆ, ಪೇತ್ರ ಎಬ್ಬಿಸಿ, ನಾನೂ ಒಬ್ಬ ಮನುಷ್ಯನೇ ಅನ್ನುತ್ತಾನೆ. ನಾನಾಗಿದ್ದರೆ ಅಷ್ಟು ಜನ ನೋಡಿದ ಕೂಡಲೇ ಮೈಕ್ ಹಿಡಿದು ಪ್ರಸಂಗ ಶುರು ಮಾಡುತ್ತಿದ್ದೆ. ಪೇತ್ರ 29ನೇ ವಚನದಲ್ಲಿ ಒಂದು ಪ್ರಶ್ನೆ ಕೇಳುತ್ತಾನೆ: ನನ್ನನ್ನು ಯಾವ ಕಾರಣಕ್ಕೆ ಕರೆಸಿದಿರಿ? ಕೇಳಿ, ಸುಮ್ಮನೆ ನಿಂತು, ಆ ಸೈನಿಕ ತನ್ನ ಕಥೆಯನ್ನು ಪೂರ್ತಿ ಹೇಳುವ ತನಕ ಕೇಳಿಸಿಕೊಂಡ. 30ರಿಂದ 33ರ ತನಕ ಮಾತಾಡುವುದು ಕೊರ್ನೇಲ್ಯನೇ. 34ರಲ್ಲಿ ಮಾತ್ರ ಪೇತ್ರನು ಬಾಯಿ ತೆರೆಯುತ್ತಾನೆ. ಪವಿತ್ರಾತ್ಮನು ಇಳಿದದ್ದು ಈ ಪ್ರಶ್ನೆ ಕೇಳಿದ ಮೇಲೆ, ಉತ್ತರ ಕೇಳಿಸಿಕೊಂಡ ಮೇಲೆ. ನಾನು ಅಜ್ಜನ ಮನೆಯಲ್ಲಿ ಕೇಳದೆ ಬಿಟ್ಟದ್ದು ಇದೇ ಪ್ರಶ್ನೆ. ಅಜ್ಜ ತಾವಾಗಿಯೇ ಫೋನ್ ಚಾಚಿ ಕೇಳಿದರೂ ನಾನು ಕೇಳಿಸಿಕೊಳ್ಳಲಿಲ್ಲ.

ಹಾಗಾದರೆ ಈ ಡಿಸೆಂಬರ್‌ನಲ್ಲಿ ಏನು ಮಾಡುವುದು? ದಿನಗಳನ್ನು ತಿಳಿದಿರಿ. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ, 1949ರಿಂದ ನಡೆದು ಬಂದಿದೆ. ಕೆಂಪು, ಕಡು ನೀಲಿ, ತಿಳಿ ನೀಲಿಯ ಚಿಕ್ಕ ಧ್ವಜ ಕೊಟ್ಟು ಕಾಣಿಕೆ ಸಂಗ್ರಹಿಸುತ್ತಾರೆ, ಅದು ಮಾಜಿ ಸೈನಿಕರ, ಅವರ ವಿಧವೆಯರ, ಗಾಯಗೊಂಡವರ ನೆರವಿಗೆ. ಶಾಲೆಯಲ್ಲಿ ನೀವೆಲ್ಲ ಜೇಬಿಗೆ ಚುಚ್ಚಿಕೊಂಡವರೇ. 16ಕ್ಕೆ ವಿಜಯ ದಿವಸ, 1971ರ ಯುದ್ಧದ್ದು. ಜನವರಿ 14 ಮಾಜಿ ಸೈನಿಕರ ದಿನ. ಅದು ನಮ್ಮ ಕೊಡಗಿನ ಕಾರ್ಯಪ್ಪನವರು 1953ರಲ್ಲಿ ಸೇನೆಯಿಂದ ನಿವೃತ್ತರಾದ ದಿನ. ನಮ್ಮ ಹಬ್ಬದ ಸೀಸನ್ 31ರ ರಾತ್ರಿಯ ಪ್ರಾರ್ಥನೆಗೆ ಮುಗಿಯುತ್ತದೆ, ಅವರದ್ದು ಇನ್ನೂ ಎರಡು ವಾರ ಮುಂದೆ ಹೋಗುತ್ತದೆ. ಹಾಗಾಗಿ 25ರ ಸುತ್ತ ಒಂದೇ ದಿನಕ್ಕೆ ತುರುಕುವುದು ಬೇಡ.

ಊರಿನ ಮಾಜಿ ಸೈನಿಕರ ಸಂಘದ ಹಿರಿಯರನ್ನು ಮೊದಲು ಹೋಗಿ ಕಾಣಬೇಕು. ನಾವು ಇಂಥ ಸಭೆಯವರು, ಕ್ರಿಸ್ಮಸ್ ರಜೆಗೆ ಬಂದಿದ್ದೇವೆ, ನಮ್ಮಿಂದ ಯಾವ ಕೆಲಸಕ್ಕೆ ಉಪಯೋಗ ಉಂಟು ಎಂದು ನೇರ ಕೇಳಿ. ಅವರು ಬೇಡ ಅಂದರೆ ನಮಸ್ಕಾರ ಹೇಳಿ ಬನ್ನಿ. ಬೇಕು ಅಂದರೆ ಅವರು ಹೇಳಿದ್ದನ್ನೇ ಮಾಡಿ. ಕುರ್ಚಿ ಜೋಡಿಸಲಿಕ್ಕೆ ಹೇಳಬಹುದು. ಮಂಗಳೂರಿನ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗೆ ಒಬ್ಬರನ್ನು ಕಾರಿನಲ್ಲಿ ಕರಕೊಂಡು ಹೋಗಿ ಅಂತಲೂ ಹೇಳಬಹುದು. ನೆರಿಯದಂಥ ಊರಿನಿಂದ ಮೊಣಕಾಲು ನೋವಿನ ಎಪ್ಪತ್ತೈದರ ಮನುಷ್ಯನಿಗೆ ಅದು ಬಸ್ ಬದಲಿಸಿ ಬದಲಿಸಿ ಹೋಗುವ ಒಂದು ಪೂರ್ತಿ ದಿನ. ನಿನ್ನ ಬಾಡಿಗೆ ಕಾರು ಮನೆಯಂಗಳದಲ್ಲಿ ನಿಂತಿರುತ್ತದೆ.

ಇನ್ನು ಆ ಪ್ರಮಾಣಪತ್ರ. ಇದನ್ನು ಕಲಿತುಕೊಂಡೇ ಬಸ್ ಹತ್ತಿ. ಜೀವನ್ ಪ್ರಮಾಣ್ ಎಂಬ ಡಿಜಿಟಲ್ ವ್ಯವಸ್ಥೆ 2014ರಿಂದ ಉಂಟು. ಈಗ ಮುಖ ತೋರಿಸಿ ಫೋನಿನಲ್ಲೇ ಮಾಡಬಹುದು, ಆಧಾರ್‌ನ ಫೇಸ್ ಆರ್‌ಡಿ ಆ್ಯಪ್ ಕೂಡ ಬೇಕಾಗುತ್ತದೆ. ಸೈನ್ಯದ ಪಿಂಚಣಿಯಲ್ಲಿ ಹೆಚ್ಚಿನದು ಈಗ ಸ್ಪರ್ಶ್ ಎಂಬ ವ್ಯವಸ್ಥೆಗೆ ಬಂದಿದೆ. ಅಂಥವರಿಗೆ ಪಿಂಚಣಿ ಕೊಡುವವರು ಯಾರು ಎಂಬ ಜಾಗದಲ್ಲಿ ಬ್ಯಾಂಕಿನ ಹೆಸರು ಹಾಕಬಾರದು, ಸ್ಪರ್ಶ್ ಅಂತಲೇ ಆರಿಸಬೇಕು. ದುಡ್ಡು ಬ್ಯಾಂಕಿಗೆ ಬೀಳುತ್ತದೆ, ಹಾಗಾಗಿ ಎಲ್ಲರೂ ಬ್ಯಾಂಕ್ ಹೆಸರು ಒತ್ತಿ ಬಿಡುತ್ತಾರೆ, ತಪ್ಪುವುದು ಅಲ್ಲೇ. ಕುಟುಂಬ ಪಿಂಚಣಿ ಪಡೆಯುವ ಅಜ್ಜಿಯಂದಿರಿಗೂ ಇದು ಬೇಕು, ಅವರನ್ನು ಮರೆಯಬೇಡಿ. ಗಂಡ ಇದ್ದಾಗ ಅವರೇ ಎಲ್ಲ ನೋಡಿಕೊಳ್ಳುತ್ತಿದ್ದರು, ಈಗ ಕಾಗದದ ಕಟ್ಟು ಕಪಾಟಿನಲ್ಲಿ ಹಾಗೇ ಇರುತ್ತದೆ.

ಒಂದು ಕಟ್ಟುನಿಟ್ಟಿನ ಮಾತು. ಅವರ ಫೋನಿನಲ್ಲೇ ಮಾಡಿ, ಅವರ ಮನೆಯವರ ಎದುರಿನಲ್ಲೇ ಮಾಡಿ. ಆಧಾರ್ ಕಾರ್ಡಿನ ಫೋಟೋ ನಿಮ್ಮ ಫೋನಿಗೆ ತೆಗೆಯಬೇಡಿ. ಒಟಿಪಿ ಅವರೇ ಓದಿ ಅವರೇ ಒತ್ತಲಿ. ಪಿಂಚಣಿದಾರರಿಗೆ ಮೋಸ ಮಾಡುವವರು ಎಷ್ಟು ಮಂದಿ ಇದ್ದಾರೆ ಎಂದು ನಿಮಗೆ ಗೊತ್ತಲ್ಲ, ಒಳ್ಳೆ ಮನಸ್ಸಿನ ಹುಡುಗರೂ ಅವರ ಹಾಗೆ ಕಾಣಬಾರದು.

ಮತ್ತೊಂದು, ಇದು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಕರಪತ್ರ ತಗೊಂಡು ಹೋಗಬೇಡಿ. ಅವರಾಗಿ ಕೇಳಿದರೆ ನಿಮ್ಮ ಕರ್ತನ ಹೆಸರು ಧೈರ್ಯವಾಗಿ ಹೇಳಿ, ನಾಚಬೇಡಿ. ಆದರೆ ಪ್ರಮಾಣಪತ್ರ ಮಾಡಿಕೊಟ್ಟು ಅದಕ್ಕೆ ಬದಲಾಗಿ ಪ್ರಾರ್ಥನೆಗೆ ಬನ್ನಿ ಅನ್ನುವುದು ಸೇವೆಯಲ್ಲ, ವ್ಯಾಪಾರ. ಕೊರ್ನೇಲ್ಯನೇ ಪೇತ್ರನನ್ನು ಕರೆಸಿದ್ದು, ಪೇತ್ರ ಹೋಗಿ ಬಾಗಿಲು ಬಡಿಯಲಿಲ್ಲ.

ಎಲ್ಲ ಮನೆಗೂ ಕಾಗದದ ಕೆಲಸ ಇರುವುದಿಲ್ಲ. ಕೆಲವು ಕಡೆ ಮಾಡಲಿಕ್ಕೆ ಏನೂ ಇರುವುದಿಲ್ಲ. ನಮ್ಮದೇ ತಾಲೂಕಿನ ಗುರುವಾಯನಕೆರೆಯ ಏಕನಾಥ ಶೆಟ್ಟಿ ಅವರ ಹೆಸರು ನಿಮ್ಮಲ್ಲಿ ದೊಡ್ಡವರಿಗೆ ನೆನಪಿರಬಹುದು. ಮಾಜಿ ಸೈನಿಕರು, ಆಮೇಲೆ ರಕ್ಷಣಾ ಇಲಾಖೆಯ ಕೆಲಸದಲ್ಲಿದ್ದವರು. 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ವಿಮಾನದಲ್ಲಿ ಅವರಿದ್ದರು. ಒಟ್ಟು 29 ಮಂದಿ. ಬಂಗಾಳ ಕೊಲ್ಲಿಯ ಮೇಲೆ ವಿಮಾನ ಕಾಣೆಯಾಯಿತು. ಅದರ ಅವಶೇಷ ಚೆನ್ನೈ ಕಡಲತೀರದಿಂದ ಸುಮಾರು 310 ಕಿಲೋಮೀಟರ್ ದೂರದಲ್ಲಿ, 3,400 ಮೀಟರ್ ಆಳದಲ್ಲಿ ಸಿಕ್ಕಿದೆ ಎಂದು ಸುದ್ದಿ ಬಂದದ್ದು 2024ರ ಜನವರಿಯಲ್ಲಿ. ಅಷ್ಟರಲ್ಲಿ ಎಂಟು ಡಿಸೆಂಬರ್ ಕಳೆದಿತ್ತು. 29 ಮನೆಗಳಲ್ಲಿ ಎಂಟು ಡಿಸೆಂಬರ್. ಅಂಥ ಒಂದು ಮನೆಯ ಅಂಗಳಕ್ಕೆ ನಾವು ಸಾಂತಾ ಟೋಪಿ ಹಾಕಿ, ಡ್ರಮ್ ಬಾರಿಸುತ್ತಾ ಹೋಗಬಹುದಾ? ಒಬ್ಬರೋ ಇಬ್ಬರೋ ಹೋಗಿ, ಕೂತು, ಕೊಟ್ಟ ಚಾ ಕುಡಿದು, ಅವರು ಮಾತಾಡಿದರೆ ಕೇಳಿ, ಮಾತಾಡದಿದ್ದರೆ ಸುಮ್ಮನಿದ್ದು ಬರಬೇಕು. ಅಳುವವರ ಜೊತೆ ಅಳುವುದಕ್ಕೆ ಕೀಬೋರ್ಡ್ ಬೇಡ.

ಈಗ ಕೊನೆಯ ವಚನ, 48. ದೀಕ್ಷಾಸ್ನಾನ ಆದ ಮೇಲೆ ಅವರು ಪೇತ್ರನನ್ನು ಕೆಲವು ದಿನ ಇರಬೇಕೆಂದು ಕೇಳಿಕೊಂಡರು. 11ನೇ ಅಧ್ಯಾಯಕ್ಕೆ ಬಂದರೆ ಯೆರೂಸಲೇಮಿನಲ್ಲಿ ಅವನ ಮೇಲೆ ಬಂದ ದೂರು ಏನು? ಅವರ ಮನೆಗೆ ಹೋಗಿ ಅವರ ಜೊತೆ ಊಟ ಮಾಡಿದ ಎಂದು. ಅಂದರೆ ಅವನು ಅಲ್ಲಿ ಉಂಡಿದ್ದಾನೆ, ಎಲ್ಲರಿಗೂ ಗೊತ್ತಾಗುವಷ್ಟು ಉಂಡಿದ್ದಾನೆ. ನಾವು ನಮ್ಮ ಕೇಕ್, ನಮ್ಮ ಕುಸ್ವಾರ್ ತಗೊಂಡು ಹೋಗಿ ಕೊಟ್ಟು ಬರ್ತೇವೆ. ಅವರ ಮನೆಯ ಗಂಜಿ, ಒಣಮೀನು ಚಟ್ನಿ ತಿಂದು ಬರುವಷ್ಟು ಹೊತ್ತು ಕೂರುವುದಿಲ್ಲ.

ಉಳಿಯುವುದು ಅಂದರೆ ಏನು ಎಂದು ನಮ್ಮ ಊರಿನವರೇ ತೋರಿಸಿದ್ದಾರೆ. 2019ರ ಆಗಸ್ಟ್‌ನ ನೆರೆ ನೆನಪಿದೆಯಲ್ಲ, ನೆರಿಯ, ಚಾರ್ಮಾಡಿ ಕಡೆ ಹೊಳೆಗಳು ದಿಕ್ಕು ತಪ್ಪಿ ಹರಿದದ್ದು. ಚಾರ್ಮಾಡಿಯ ಕೊಳಂಬೆಯಲ್ಲಿ ಗದ್ದೆಗಳ ಮೇಲೆ ಮರಳು ಬಂದು ಕೂತಿತ್ತು. ಉಜಿರೆಯ 'ಬದುಕು ಕಟ್ಟೋಣ ಬನ್ನಿ' ತಂಡದವರು ಒಂದು ದಿನ ಅಕ್ಕಿ ಕೊಟ್ಟು ಫೋಟೋ ತೆಗೆದು ಹೋಗಲಿಲ್ಲ. ಮರಳು ತೆಗೆದರು, ಮತ್ತೆ ನೇಜಿ ನೆಡುವಲ್ಲಿ ತನಕ ನಿಂತರು, ಮನೆ ಕಟ್ಟಿಸಿದರು. ಅವರು ನಮ್ಮ ಸಭೆಯವರಲ್ಲ, ಆದರೂ ಇದು ನನಗೆ ಈ 48ನೇ ವಚನಕ್ಕೆ ಒಳ್ಳೆ ಉದಾಹರಣೆ.

ನೆರಿಯದ ಗಂಡಿಬಾಗಿಲಿನಲ್ಲಿ ಸಿಯೋನ್ ಆಶ್ರಮ ಉಂಟು. ಯು.ಸಿ. ಪೌಲೋಸ್ ಅವರು ಶುರು ಮಾಡಿದ್ದು, ಯಾರೂ ಇಲ್ಲದವರನ್ನು, ಮನಸ್ಸಿನ ಕಾಯಿಲೆಯವರನ್ನು, ವೃದ್ಧರನ್ನು ನೋಡಿಕೊಳ್ಳುವ ಮನೆ. ಅಲ್ಲಿಗೂ ಹೋಗಬೇಕು ಎಂದು ಕೆಲವರು ಕೇಳಿದ್ದೀರಿ. ಒಳ್ಳೆಯದು. ಫೋನ್ ಮಾಡಿ ಕೇಳಿ, ಯಾವ ತಿಂಗಳಲ್ಲಿ ಬಂದರೆ ಉಪಕಾರ ಆಗುತ್ತದೆ ಎಂದು. ಜೂನ್ ಅಂದರೆ ಜೂನ್‌ನಲ್ಲೇ ಹೋಗೋಣ, ಮಳೆಗೆ ಹೆದರುವುದು ಬೇಡ.

ಆ ಹವಾಲ್ದಾರ್ ಅಜ್ಜನ ಮನೆಗೆ ನಾನು ಫೆಬ್ರವರಿಯಲ್ಲೇ ಹೋದೆ. ಕ್ಷಮೆ ಕೇಳಿದೆ. ಅವರು ನಕ್ಕರು. "ಅದು ಬಿಡಿ, ಈಗ ಆಯ್ತಲ್ಲ. ನಿಮ್ಮ ಆ ಗಿಟಾರ್ ಹುಡುಗ ಎಲ್ಲಿ?" ಅಂದರು. ಪಟಾಲಮಿನಲ್ಲಿರುವಾಗ ಅವರೂ ಬ್ಯಾಂಡಿನಲ್ಲಿ ಇದ್ದವರಂತೆ. ಅವತ್ತು ನಾವು ಮೂರು ಹಾಡು ಹಾಡುವಾಗ ಯಾರೂ ಅದನ್ನು ಕೇಳಿರಲಿಲ್ಲ. ಈ ಸಲ ಗಿಟಾರ್ ಹುಡುಗ 26ಕ್ಕೆ ಒಬ್ಬನೇ ಹೋಗ್ತಿದ್ದಾನೆ, ಬೆಳಿಗ್ಗೆಯಿಂದ ಸಂಜೆ ತನಕ.

ಹೆಸರು ಕೊಡುವವರು ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಇರುವ ಸಿಸ್ಟರ್ ಹತ್ತಿರ ಬರೆಸಿ. ನಿಮ್ಮ ಊರು, ಊರಲ್ಲಿ ಎಷ್ಟು ದಿನ ಇರ್ತೀರಿ, ಕಾರು ಉಂಟಾ ಇಲ್ಲವಾ, ಇಷ್ಟು ಸಾಕು. ಜೀವನ್ ಪ್ರಮಾಣ್ ಹೇಗೆ ಮಾಡುವುದು ಎಂದು ಮುಂದಿನ ಶನಿವಾರ ಯೂತ್ ಮೀಟಿಂಗ್‌ನಲ್ಲಿ ತೋರಿಸುತ್ತೇವೆ. ಈಗ ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ.